ಗಿಣಿಯ ಸರದಿ

ಆ ಮನೆಯಲ್ಲಿ ಸಂಜೆ ಏಳಾಯಿತೆಂದರೆ ಒಲೆ ಆರಬೇಕು, ಹೊಲಿಗೆ ಯಂತ್ರ ನಿಲ್ಲಬೇಕು, ಬೈಬಲ್ಲು ತೆರೆಯಬೇಕು. ಅಜ್ಜ ತೀರಿಕೊಂಡ ದಿನ ಕೂಡ ಅಜ್ಜಿ ಇದನ್ನು ತಪ್ಪಿಸಿರಲಿಲ್ಲ. ದಿನಕ್ಕೊಂದು ಅಧ್ಯಾಯ, ತಲೆಗೊಂದು ವಚನ, ಸರದಿಯ ಪ್ರಕಾರ. ಮೊದಲ ವಚನ ಅಜ್ಜಿಯದು. ಎರಡನೆಯದು ಬಸ್ಸು ಓಡಿಸುವ ಹಿರಿಮಗನದು, ಮೂರನೆಯದು ಸೊಸೆಯದು, ನಾಲ್ಕನೆಯದು ಮೊಮ್ಮಗಳದು. ಐದನೆಯದು ತಿರುಗಿ ಅಜ್ಜಿಗೆ. ಹೀಗೆ ಸುತ್ತುತ್ತ ಅಧ್ಯಾಯ ಮುಗಿದು, ಅಜ್ಜಿ ಕಣ್ಣುಮುಚ್ಚಿ ಪ್ರಾರ್ಥನೆ ಮಾಡಿ ಆಮೆನ್ ಅಂದ ಮೇಲೆಯೇ ತಟ್ಟೆ ಇಡುವುದು.

ಸೊಸೆಯನ್ನು ಬೀದಿಯವರೆಲ್ಲ ಟೈಲರಮ್ಮ ಎನ್ನುತ್ತಿದ್ದರು. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಶಾಲೆ ಮಕ್ಕಳ ಸಮವಸ್ತ್ರ, ಆಸ್ಪತ್ರೆಯ ಪರದೆ, ಯಾರದೋ ಹಳೇ ಪ್ಯಾಂಟಿನ ಸೊಂಟ ಬಿಡಿಸುವುದು, ಏನು ಬಂದರೂ ಹೊಲಿಯುತ್ತಿದ್ದಳು. ಅವಳಿಗೆ ಭಕ್ತಿ ಎಷ್ಟಿತ್ತೋ ದೇವರೇ ಬಲ್ಲ, ಆದರೆ ಬೈಬಲ್ಲನ್ನು ಅವಳಷ್ಟು ಕಣ್ಣಿಟ್ಟು ಓದುವವರು ಇಡೀ ಚರ್ಚಿನ ಸಭೆಯಲ್ಲಿ ಇರಲಿಲ್ಲ. ಮಧ್ಯಾಹ್ನ ಅತ್ತೆ ಮಲಗಿದ ಮೇಲೆ ಅಂದಿನ ಅಧ್ಯಾಯ ತೆಗೆದು ನಾಲ್ಕು, ಎಂಟು, ಹನ್ನೆರಡು, ಹದಿನಾರು ಎಂದು ಬೆರಳಿಟ್ಟು ನೋಡುವಳು. ಅವು ಮಗಳ ಪಾಲಿಗೆ ಬರುವ ವಚನಗಳು. ಅವು ಹೇಗೆ ಶುರುವಾಗುತ್ತವೆ, ಎಷ್ಟು ಉದ್ದ ಇವೆ, 'ಕ' ಎಷ್ಟು ಇವೆ, ಎಲ್ಲಿವೆ, ಇದು ಅವಳ ಅಧ್ಯಯನ.

ಮಗಳಿಗೆ ಮಾತು ತಡೆಯುತ್ತಿತ್ತು. ಎರಡು ವರ್ಷದ ಮಗುವಾಗಿದ್ದಾಗ ಬಿಡುವಿಲ್ಲದೆ ವಟಗುಟ್ಟುತ್ತಿದ್ದಳೆಂದು ಅಜ್ಜ ಗಿಣಿ ಎಂದು ಕರೆದಿದ್ದ. ಐದಕ್ಕೆ ಬರುವಷ್ಟರಲ್ಲಿ ಮಾತು ಗಂಟಲಲ್ಲಿ ಸಿಕ್ಕಿಕೊಳ್ಳತೊಡಗಿತು, ಹೆಸರು ಮಾತ್ರ ಉಳಿಯಿತು. ಈಗ ಹತ್ತೊಂಬತ್ತು. 'ಪ' ಬಂದರೆ ಕಷ್ಟ, 'ಕ' ಬಂದರೆ ಮುಗಿದೇ ಹೋಯಿತು. ಕುತ್ತಿಗೆಯ ನರ ಎದ್ದು ನಿಲ್ಲುವುದು, ಕಣ್ಣು ಮುಚ್ಚಿಹೋಗುವುದು, ತುಟಿಯ ಹಿಂದೆ ಮಾತು ಒದ್ದಾಡುವುದು. ಅಷ್ಟರಲ್ಲಿ ಟೈಲರಮ್ಮ ಆ ಮಾತನ್ನು ತಾನೇ ಹೇಳಿಬಿಡುತ್ತಿದ್ದಳು. ಅಂಗಡಿಯವನ ಮುಂದೆ, ನೆಂಟರ ಮುಂದೆ, ಬಸ್ಸಿನಲ್ಲಿ ಕಂಡಕ್ಟರನ ಮುಂದೆ. ಒಮ್ಮೆ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದಾಗ ಡಾಕ್ಟರಮ್ಮ, "ಅವಳ ಮಾತು ಅವಳೇ ಮುಗಿಸ್ಲಿ. ನೀವು ಕಾಯೋದು ಕಲೀರಿ" ಎಂದು ಹೇಳಿ ಕಳಿಸಿದ್ದಳು. ಟೈಲರಮ್ಮ ನಾಲ್ಕು ದಿನ ಕಾದಳು. ಐದನೆಯ ದಿನ ಕರುಳು ಕೇಳಲಿಲ್ಲ.

ಕಷ್ಟವೆಂದರೆ ದೇವರ ಮನೆಯಲ್ಲಿಯೇ 'ಕ' ಕುಳಿತಿತ್ತು. ಕರ್ತನು. ಅಧ್ಯಾಯಕ್ಕೆ ಹತ್ತು ಸಲ ಬರುವ ಮಾತು. ಅದು ಮಗಳ ಸರದಿಗೆ ಬೀಳುತ್ತದೆಂದು ಕಂಡರೆ ಟೈಲರಮ್ಮ ಅಂದು ಕುಳಿತುಕೊಳ್ಳುವ ಜಾಗ ಬದಲಿಸುವಳು. ಇಲ್ಲವೆ, "ರೀ, ಒಲೆ ಮೇಲೆ ಹಾಲಿದೆಯೇನೋ, ಒಂಚೂರು ನೋಡಿ ಬನ್ನಿ" ಎಂದು ಗಂಡನನ್ನು ಎಬ್ಬಿಸಿ ಲೆಕ್ಕ ಒಂದು ಮನೆ ಮುಂದೆ ಸರಿಯುವ ಹಾಗೆ ಮಾಡುವಳು. ಇದೂ ಆಗದಿದ್ದರೆ ಗಿಣಿಯೇ 'ಕರ್ತನು' ಇದ್ದಲ್ಲಿ 'ದೇವರು' ಎಂದು ಓದಿಕೊಂಡು ದಾಟುತ್ತಿದ್ದಳು. ಅಜ್ಜಿಗೆ ಕಣ್ಣು ಮಂಜು. ಡ್ರೈವರಿಗೆ ದಿನವಿಡೀ ಸ್ಟಿಯರಿಂಗ್ ಹಿಡಿದು ತೂಕಡಿಕೆ. ಹತ್ತು ವರ್ಷ ಯಾರಿಗೂ ಗೊತ್ತಾಗಲಿಲ್ಲ.

ಆಮೇಲೆ ಅಜ್ಜಿಯ ಕಿರಿಮಗ ಬಂದ. ವಯಸ್ಸು ಮೂವತ್ತನಾಲ್ಕು. ಮೊದಲು ಸೈಕಲ್ ಅಂಗಡಿ ಇಟ್ಟು ಮುಚ್ಚಿದ್ದ, ಫೋಟೊ ಸ್ಟುಡಿಯೋ ಸೇರಿ ಬಿಟ್ಟಿದ್ದ, ಅದಾದ ಮೇಲೆ ದೇವರು ಅವನನ್ನು ಕರೆದರು. ಎರಡು ವರ್ಷ ದೂರದ ವೇದಶಾಲೆಯಲ್ಲಿ ಓದಿ, ಕಪ್ಪು ರಟ್ಟಿನ ದಪ್ಪ ಬೈಬಲ್ಲು, ನಾಲ್ಕು ಬಣ್ಣದ ಪೆನ್ಸಿಲ್ಲು, ಒಂದು ಟ್ರಂಕು ತೊಳೆಯದ ಬಟ್ಟೆ ಹೊತ್ತುಕೊಂಡು ಮನೆಗೆ ಇಳಿದ. ಸಭೆಯಲ್ಲಿ ಆರು ತಿಂಗಳು ಸೇವೆ ಮಾಡಿ ಹಿರಿಯರ ಸಮಿತಿಯ ಒಪ್ಪಿಗೆ ಸಿಕ್ಕಿದರೆ ಅವನು ಉಪದೇಶಿ. ಅಜ್ಜಿ ಅಷ್ಟು ದಿನ ಕಾಯಲಿಲ್ಲ, ಬಂದ ದಿನವೇ ಪಟ್ಟ ಕಟ್ಟಿದಳು.

"ಇನ್ಮೇಲೆ ಅವನನ್ನ ಏನೋ, ಬಾರೋ ಅನ್ನಬೇಡ. ಉಪದೇಶಿಗಳು ಅನ್ನು" ಎಂದಳು ಸೊಸೆಗೆ.

"ಆಗ್ಲಿ ಅತ್ತೆ. ಉಪದೇಶಿಗಳ ಬನಿಯನ್ನು ನೆನೆ ಹಾಕಿದೀನಿ. ಉಜ್ಜೋಕೆ ಬರ್ತಾರಾ ಕೇಳಿ."

ಅಜ್ಜಿ ಕೇಳಿಸದವಳ ಹಾಗೆ ಕಿಟಕಿಯ ಕಡೆ ತಿರುಗಿದಳು.

ಸಂಜೆಯ ಸುತ್ತಿಗೆ ಐದನೆಯ ತಲೆ ಸೇರಿತು. ಟೈಲರಮ್ಮ ಲೆಕ್ಕವನ್ನು ಐದು, ಹತ್ತು, ಹದಿನೈದಕ್ಕೆ ತಿದ್ದಿಕೊಂಡಳು. ಮೊದಲ ವಾರ ಹೇಗೋ ಸರಿಹೋಯಿತು. ಎರಡನೆಯ ವಾರದ ಒಂದು ಸಂಜೆ ಗಿಣಿ ತನ್ನ ವಚನ ಓದಿ ಮುಗಿಸುತ್ತಿದ್ದಂತೆ ಉಪದೇಶಿ ಪೆನ್ಸಿಲ್ಲು ಎತ್ತಿದ.

"ಇನ್ನೊಂದ್ಸಲ ಓದು."

ಗಿಣಿ ಮತ್ತೆ ಓದಿದಳು.

"ಇಲ್ಲಿ ದೇವರು ಅಂತ ಇಲ್ಲ. ಕರ್ತನು ಅಂತ ಇದೆ. ನಿನ್ನೇನೂ ಹೀಗೇ ಓದಿದೆ. ವಾಕ್ಯ ತಿದ್ದೋಕೆ ನೀನ್ಯಾರು?"

"ಎರಡೂ ಒಂದೇ ಅಲ್ವಾ? ಕರ್ತನೇ ದೇವರು ತಾನೆ?" ಎಂದಳು ಟೈಲರಮ್ಮ.

"ಒಂದೇ ಆಗಿದ್ರೆ ಬರೆದವರು ಒಂದೇ ಬರೀತಿದ್ರು ಅತ್ತಿಗೆ. ಒಂದು ಅಕ್ಷರ ಕೂಡಿಸೋ ಹಾಗಿಲ್ಲ, ಕಳೆಯೋ ಹಾಗಿಲ್ಲ. ಓದು ಗಿಣಿ. ಕರ್ತನು ಅನ್ನು."

ಗಿಣಿ ಬಾಯಿ ತೆರೆದಳು. "ಕ್..." ಎಂದು ನಿಂತಿತು. ನರ ಎದ್ದಿತು. ಡ್ರೈವರ್ ತನ್ನ ಅಂಗಾಲನ್ನು ನೋಡಿಕೊಂಡ. ಟೈಲರಮ್ಮ ಥಟ್ಟನೆ "ಕರ್ತನು" ಎಂದಳು.

"ನಿಮ್ಮನ್ನ ಕೇಳ್ಲಿಲ್ಲ" ಎಂದ ಉಪದೇಶಿ. ಅವನ ಮುಖದಲ್ಲಿ ಕೋಪಕ್ಕಿಂತ ಹೆಚ್ಚಾಗಿ ಏನೋ ಸಿಕ್ಕಿದವನ ಸಂತೋಷವಿತ್ತು. "ಅಮ್ಮಾ, ನೋಡಿದ್ರಾ? ಬೇರೆ ಮಾತೆಲ್ಲ ಬರುತ್ತೆ. ಕರ್ತನ ಹೆಸರು ಬಂದಾಗಲೇ ನಾಲಿಗೆ ಕಟ್ಟುತ್ತೆ. ಹಾಡುವಾಗ ತಡೆಯೋದೇ ಇಲ್ಲ, ಎಲ್ಲರ ಜೊತೆ ಪ್ರಾರ್ಥನೆ ಹೇಳುವಾಗ ತಡೆಯಲ್ಲ. ಒಬ್ಬಳೇ ನಿಂತು ಕರ್ತನು ಅನ್ನೋಕೆ ಹೋದಾಗ ಯಾರು ಹಿಡೀತಾರೆ ಇವಳ ನಾಲಿಗೆ?"

"ಹೌದಲ್ಲವೇ!" ಎಂದು ಅಜ್ಜಿ ಎದೆ ಮೇಲೆ ಕೈ ಇಟ್ಟುಕೊಂಡಳು. ಹತ್ತೊಂಬತ್ತು ವರ್ಷ ಮೊಮ್ಮಗಳ ಮಾತು ಕೇಳಿದ ಮುದುಕಿಗೆ ಅದರಲ್ಲಿ ಸೈತಾನ ಕಂಡದ್ದು ಆವತ್ತೇ.

"ಅವಳಿಗೆ ಕೊಡಕ್ಕೂ ತಡೆಯುತ್ತೆ, ಕತ್ತರಿಗೂ ತಡೆಯುತ್ತೆ" ಎಂದಳು ಟೈಲರಮ್ಮ. "ನನ್ನ ಕತ್ತರೀಲೂ ಸೈತಾನ ಇದಾನಾ?"

ಯಾರೂ ನಗಲಿಲ್ಲ. ಗಿಣಿ ಕೂಡ.

ಮರುದಿನದಿಂದ ಹೊಸ ಪದ್ಧತಿ ಬಂತು. ಮನೆಯ ಚಿಕ್ಕವರಿಂದ ಶುರು, ತಲೆಗೆ ಎರಡೆರಡು ವಚನ, ಯಾರು ಎಲ್ಲಿ ಕೂರಬೇಕೆಂದು ಉಪದೇಶಿ ಹೇಳಬೇಕು. ಯಾವ ಅಧ್ಯಾಯವೆಂದು ಏಳು ಗಂಟೆಗೇ ಹೇಳುವುದು. ಟೈಲರಮ್ಮನ ಮಧ್ಯಾಹ್ನದ ಅಧ್ಯಯನ ನೀರುಪಾಲಾಯಿತು. ಅವನು ಹುಡುಕಿ ಹುಡುಕಿ ತೆಗೆಯುತ್ತಿದ್ದ ಕೀರ್ತನೆಗಳೋ, ಒಂದೊಂದೂ ಕರ್ತನು ಕರ್ತನು ಎಂದೇ ಶುರುವಾಗುವಂಥವು. ಗಿಣಿ ಒಂದೊಂದು ಮಾತಿಗೂ ಗುದ್ದಾಡಿ ಎರಡು ವಚನ ಮುಗಿಸುವಷ್ಟರಲ್ಲಿ ಅನ್ನ ತಣ್ಣಗಾಗುವುದು, ಬೇಯಿಸಿದ ಮೊಟ್ಟೆ ಕಲ್ಲಾಗುವುದು. ಟೈಲರಮ್ಮ ನಡುವೆ ಬಾಯಿ ಹಾಕಿದರೆ ಮೊದಲಿಂದ ಓದಬೇಕು. ಹಾಗೆಂದು ಗೊತ್ತಿದ್ದೂ ದಿನಕ್ಕೆರಡು ಸಲ ಅವಳು ಬಾಯಿ ಹಾಕಿಯೇ ಹಾಕುವಳು.

"ನೀವಾದ್ರೂ ಒಂದು ಮಾತು ಹೇಳಿ ನಿಮ್ಮ ತಮ್ಮಂಗೆ" ಎಂದು ಬೆಳಿಗ್ಗೆ ಗಂಡನ ಡಬ್ಬಿ ಕಟ್ಟುತ್ತ ಕೇಳಿದಳು.

"ನಾನೇನು ಹೇಳ್ಲಿ? ಅವನು ಓದಿದವನು."

"ನೀವು ಇಡೀ ಊರನ್ನ ಬಸ್ಸಲ್ಲಿ ಹೊತ್ತು ತಿರುಗ್ತೀರಿ. ನಿಮ್ಮ ಮಗಳನ್ನ ಒಂದು ಮಾತು ದಾಟಿಸೋಕಾಗಲ್ವಾ?"

"ಬೆಳಿಗ್ಗೆ ಬೆಳಿಗ್ಗೆ ಶುರು ಮಾಡ್ಬೇಡ ಮಾರಾಯ್ತಿ" ಎಂದು ಅವನು ಡಬ್ಬಿ ಕಸಿದುಕೊಂಡು ಹೋದ.

ಹತ್ತನೆಯ ದಿನ ಏಳು ಗಂಟೆಗೆ ಗಿಣಿ ಒಳಗೆ ಬರಲಿಲ್ಲ. ಹೊರಗೆ ಮೆಟ್ಟಿಲ ಮೇಲೆ ಕುಳಿತು, ಗಿರಣಿಯ ಹಿಟ್ಟು ಮೆತ್ತಿದ ಚಪ್ಪಲಿಯನ್ನು ಬಡಿಯುತ್ತಿದ್ದಳು. ಅವಳು ಕೆಲಸ ಮಾಡುವುದು ಮೂರು ಬೀದಿ ಆಚೆಯ ಹಿಟ್ಟಿನ ಗಿರಣಿಯಲ್ಲಿ, ಚೀಲ ತೂಗಿ ಚೀಟಿ ಕೊಡುವ ಕೆಲಸ. ಅಜ್ಜಿ ಎರಡು ಸಲ ಕರೆದಳು. ಮೂರನೆಯ ಸಲ ಕರೆಯಲಿಲ್ಲ. ಪ್ರಾರ್ಥನೆ ಮುಗಿದ ಮೇಲೆ ತನ್ನ ತಟ್ಟೆಯನ್ನು ಕವುಚಿ ಹಾಕಿದಳು.

"ಮಗು ವಾಕ್ಯಕ್ಕೆ ಬರೋವರೆಗೆ ನನಗೆ ಉಪವಾಸ."

"ಅತ್ತೆ, ಸಕ್ಕರೆ ಕಾಯಿಲೆ ಇದೆ ನಿಮಗೆ."

"ಹೋದ್ರೆ ಹೋಗ್ತೀನಿ. ಕರ್ತನ ಹತ್ರ ತಾನೆ ಹೋಗೋದು."

ಉಪದೇಶಿ ಮಾತ್ರ ಮೂರು ಸಲ ಬಡಿಸಿಕೊಂಡು ಉಂಡ. ತಾಯಿಯ ನಂಬಿಕೆಯನ್ನು ಹೊಗಳುತ್ತ ಉಂಡ. ಟೈಲರಮ್ಮನಿಗೆ ಸೌಟು ಬೀಸಿ ಒಗೆಯುವಷ್ಟು ಸಿಟ್ಟು ಬಂತು.

"ಒಂದು ಮಾತು ಕೇಳ್ತೀನಿ ಉಪದೇಶಿಗಳೇ" ಎಂದಳು. "ಮೋಶೆಗೂ ನಾಲಿಗೆ ತಡವರಿಸ್ತಿತ್ತು ಅಂತ ನಾನೇ ಓದಿದೀನಿ. ನನಗೆ ಮಾತು ಬರಲ್ಲ ಅಂತ ಅವನು ಅತ್ತುಕೊಂಡಾಗ ದೇವರು ಅವನ ನಂಬಿಕೆ ಸಾಲದು ಅಂದ್ರಾ? ಅಣ್ಣ ಆರೋನನ್ನ ಜೊತೆಗೆ ಕೊಟ್ಟು, ನಿನ್ನ ಪರವಾಗಿ ಇವನು ಮಾತಾಡ್ಲಿ ಅಂದ್ರು. ನಾನು ನನ್ನ ಮಗಳಿಗೆ ಮಾಡ್ತಿರೋದೂ ಅಷ್ಟೇ ಅಲ್ವಾ?"

"ಅತ್ತಿಗೆ, ಅಂಗಿ ಹೊಲಿದ ಹಾಗಲ್ಲ ವೇದ ಬಿಡಿಸೋದು. ಹಿಂದೆ ಮುಂದೆ ಗೊತ್ತಿರಬೇಕು."

"ಹಿಂದೆ ಮುಂದೆ ನೋಡದೆ ನಾನು ಕತ್ತರಿ ಹಾಕಲ್ಲಪ್ಪ. ನೀವು ಹಾಕ್ತೀರಿ."

ಅಜ್ಜಿ ಎರಡು ದಿನ ಬರೀ ನೀರು ಕುಡಿದಳು. ಮೂರನೆಯ ದಿನ ಕೈ ನಡುಗಿ ಲೋಟ ಬಿದ್ದಾಗ ಡ್ರೈವರ್ ಮೊದಲ ಸಲ ದನಿ ಎತ್ತಿದ. ಎತ್ತಿದ್ದು ಮಗಳ ಮೇಲೆ. "ಮುದುಕೀನ ಸಾಯಿಸ್ಬೇಕು ಅಂತ ಮಾಡಿದೀಯೇನು? ಒಳಗೆ ಬಂದು ಕೂತ್ರೆ ನಿನ್ನ ಗಂಟು ಏನು ಹೋಗುತ್ತೆ?" ಗಿಣಿ ಎದ್ದು ಬಂದು ಕುಳಿತಳು. ಉಪದೇಶಿ ತೆಗೆದ ಕೀರ್ತನೆಯ ಎರಡು ವಚನ ಓದಲು ಅವಳಿಗೆ ಅಂದು ಬಹಳ ಹೊತ್ತು ಹಿಡಿಯಿತು. ಆಮೇಲೆ ಅಜ್ಜಿ ಗಂಜಿ ಕುಡಿದಳು.

ಅದೇ ವಾರದ ಶುಕ್ರವಾರ ಉಪದೇಶಿ ಊಟದ ನಡುವೆ ಸುದ್ದಿ ಹೇಳಿದ. ಬರುವ ಭಾನುವಾರ ಬಿಟ್ಟು ಅದರಾಚೆ ಭಾನುವಾರ ಆರಾಧನೆಯಲ್ಲಿ ಪಾಠ ಓದಲು ಗಿಣಿಯ ಹೆಸರು ಕೊಟ್ಟಿದ್ದಾನಂತೆ. ಆರು ವಚನದ ಒಂದು ಕೀರ್ತನೆ. ಸಮಿತಿಯ ಹಿರಿಯರೆಲ್ಲ ಇರುತ್ತಾರಂತೆ. ಅಲ್ಲಿಯವರೆಗೆ ದಿನಾ ತಾನು ಅವಳ ತಲೆಯ ಮೇಲೆ ಕೈ ಇಟ್ಟು ಪ್ರಾರ್ಥಿಸುತ್ತಾನಂತೆ, ಕಟ್ಟು ಬಿಚ್ಚುತ್ತದಂತೆ.

"ಅವಳನ್ನ ಕೇಳಿದ್ರಾ?" ಎಂದಳು ಟೈಲರಮ್ಮ.

"ಕರ್ತನನ್ನ ಕೇಳಿದೀನಿ."

ಗಿಣಿ ತಲೆ ಎತ್ತದೆ ಅನ್ನ ಕಲಸಿದಳು.

ಮರುದಿನ ಟೈಲರಮ್ಮ ಹೊಲಿಗೆ ಅರ್ಧಕ್ಕೆ ಬಿಟ್ಟು ಗಿರಣಿಗೆ ನಡೆದಳು. ದಾರಿಯುದ್ದಕ್ಕೂ ಉಪಾಯ ಹೂಡಿದಳು. ಆ ಭಾನುವಾರ ಮಗಳಿಗೆ ಜ್ವರ ಬರಬೇಕು. ಶನಿವಾರವೇ ಮಲಗಬೇಕು. ಜ್ವರ ಬೇಡವೆಂದರೆ ಕಾಲು ಉಳುಕಲಿ. ಗಿರಣಿಯ ಬಾಗಿಲಿಗೆ ಬರುವಷ್ಟರಲ್ಲಿ ಯಂತ್ರದ ಸದ್ದು ಕಿವಿಗೆ ಅಪ್ಪಳಿಸಿತು. ಎರಡು ದೊಡ್ಡ ಕಲ್ಲು ತಿರುಗುತ್ತಿದ್ದವು, ಪಟ್ಟಿ ಪಟಪಟ ಬಡಿಯುತ್ತಿತ್ತು, ಗೋಡೆ, ತಕ್ಕಡಿ, ಜೇಡರ ಬಲೆ ಎಲ್ಲಕ್ಕೂ ಹಿಟ್ಟು ಕೂತಿತ್ತು. ಆ ಗದ್ದಲದ ನಡುವೆ ಯಾರೋ ಗಟ್ಟಿ ದನಿಯಲ್ಲಿ ಕೂಗುತ್ತಿದ್ದರು.

"ಕೆಂಪು ಚೀಲ ಯಾರದು? ಕೆಂಪು ಚೀಲ! ಕೊನೇ ಚೀಟಿ ಕೈಯಲ್ಲಿಟ್ಟುಕೊಳ್ಳಿ, ಕಾಲ್ದಾರೀಲಿ ನಿಲ್ಲಬೇಡಿ!"

ಟೈಲರಮ್ಮ ಬಾಗಿಲಲ್ಲೇ ನಿಂತುಬಿಟ್ಟಳು. ಅದು ಗಿಣಿಯ ದನಿ. ಕೆಂಪು, ಕೊನೇ, ಕೈ, ಕಾಲು, ಒಂದೂ ತಡೆಯಲಿಲ್ಲ. ಮೂರು ಮಂದಿ ಮುದುಕರು ಚೀಟಿ ಹಿಡಿದು ಅವಳ ಮಾತಿನಂತೆ ಪಕ್ಕಕ್ಕೆ ಸರಿದರು. ತಾಯಿಯನ್ನು ಕಂಡು ಗಿಣಿ ಹಿಟ್ಟು ಮೆತ್ತಿದ ರೆಪ್ಪೆ ಬಡಿಯುತ್ತ ನಕ್ಕಳು. ಟೈಲರಮ್ಮನ ಕಣ್ಣಲ್ಲಿ ದಳದಳ ನೀರು.

"ಯಾವಾಗಿಂದನೇ ಇದು?"

"ಸೇರಿದ ದಿನದಿಂದ!" ಎಂದು ಗಿಣಿ ಅರಚಿದಳು. "ಈ ಸದ್ದಲ್ಲಿ ನನ್ನ ದನಿ ನನಗೇ ಕೇಳ್ಸಲ್ಲ. ಕೇಳ್ಸದೇ ಇದ್ರೆ ತಡೆಯಲ್ಲ! ಮಧ್ಯಾಹ್ನ ಬೈಬಲ್ ಓದ್ತೀನಿ ಇಲ್ಲೇ. ಕರ್ತನು ಕರ್ತನು ಅಂತ ನೂರು ಸಲ ಅಂದಿದೀನಿ!"

"ಮನೇಲಿ ಯಾಕೆ ಹೇಳ್ಲಿಲ್ಲ?"

"ಮನೇಲಿ ಹೇಳೋಕೆ ಹೋದ್ರೆ ನೀನು ಮುಗಿಸಿಬಿಡ್ತೀಯಲ್ಲ!"

ನಗುತ್ತಲೇ ಹೇಳಿದಳು. ಟೈಲರಮ್ಮನೂ ನಕ್ಕಳು. ಆಮೇಲೆ ಜ್ವರದ ಉಪಾಯ ಹೇಳಿದಳು. ಗಿಣಿ ತಾಯಿಯ ತೋಳು ಹಿಡಿದು ಹಿಂದಿನ ಅಂಗಳಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಸದ್ದು ಕಡಿಮೆ, ಅವಳ ಮಾತು ಮತ್ತೆ ಕುಂಟತೊಡಗಿತು.

"ನಾ-ನಾನು ಓದ್ತೀನಮ್ಮ. ಚಿ-ಚಿಕ್ಕಪ್ಪನಿಗೋಸ್ಕರ ಅಲ್ಲ. ನನಗೆ ಓದ್ಬೇಕು. ಅ-ಅದು ನನ್ನ ಪು-ಪುಸ್ತಕಾನೂ ಹೌದು." ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡಳು. "ಪಾ... ಪಾ..."

"ಪಾದ್ರಿಗಳ ಹತ್ರ ಹೋಗಿದ್ದೆಯಾ?"

ಗಿಣಿ ಕಣ್ಣು ಮುಚ್ಚಿ ತೆರೆದಳು. "ಹೂಂ. ನನಗೆ ತ-ತಡೆಯುತ್ತೆ, ಆದ್ರೆ ಬರುತ್ತೆ, ಕಾ... ಕಾಯ್ತೀರಾ ಅಂದೆ. ಎ-ಎಷ್ಟು ಹೊತ್ತು ಬೇಕಾದ್ರೂ ಕಾ-ಕಾಯ್ತೀವಿ ಅಂದ್ರು."

"ಅಯ್ಯೋ, ಅಷ್ಟು ಜನದ ಮುಂದೆ..."

"ಅಮ್ಮ. ನ-ನನಗೆ ಆರೋನ ಬೇಡ. ನೀನು ಬಾಯಿಗೆ ಹೊಲಿಗೆ ಹಾಕ್ಕೊಂಡು ಕೂ-ಕೂತ್ಕೋ. ಅಷ್ಟು ಸಾಕು. ಮಾತು ಕೊ... ಕೊಡ್ತೀಯಾ?"

ಟೈಲರಮ್ಮ ಮಗಳ ಕೈ ಹಿಡಿದು ಮಾತು ಕೊಟ್ಟಳು. ಹಿಟ್ಟಾದ ಕೈಯನ್ನು ಸೆರಗಿಗೆ ಒರೆಸಿಕೊಳ್ಳದೆ ಮನೆಗೆ ನಡೆದಳು.

ಆ ವಾರ ಮನೆಯಲ್ಲಿ ವಿಚಿತ್ರ ಶಾಂತಿ ಇತ್ತು. ಉಪದೇಶಿ ತಲೆಯ ಮೇಲೆ ಕೈ ಇಡಲು ಬಂದಾಗ ಗಿಣಿ ಹಿಂದೆ ಸರಿದು, "ಬೇಡ ಚಿಕ್ಕಪ್ಪ, ಓದೋಕೆ ಬರುತ್ತೆ" ಎಂದಳು. ಅವನು ಗೋಡೆಗೆ ಕೈ ಚಾಚಿ ಪ್ರಾರ್ಥಿಸಿದ. ಅವಳು ಕೋಣೆಯ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡುತ್ತಿದ್ದಳು. ಟೈಲರಮ್ಮ ಈಚೆ ಅಂಗಿಯ ಗುಂಡಿಗೆ ಕಾಜಾ ಹೊಲಿಯುತ್ತ ಕಿವಿ ನೆಟ್ಟಿರುವಳು. ಒಳಗೆ ಮಾತು ನಿಂತಾಗ ಇವಳ ಸೂಜಿ ನಿಲ್ಲುವುದು, ಅದು ದಾಟಿದಾಗ ಇವಳ ಉಸಿರು ದಾಟುವುದು. ಅಷ್ಟರಲ್ಲಿ ಆರೂ ವಚನ ಅವಳಿಗೆ ಬಾಯಿಪಾಠವಾಗಿದ್ದವು. ಐದು ಸುಲಭ. ಆರನೆಯದು ಕರ್ತನು ಎಂದು ಶುರು.

ಭಾನುವಾರ ಬಂತು. ಟೈಲರಮ್ಮ ಮಗಳಿಗೆ ತಾನೇ ಹೊಲಿದ ನೀಲಿ ಅಂಗಿ ಹಾಕಿಸಿ, ಮೂರನೆಯ ಬೆಂಚಿನಲ್ಲಿ ಅತ್ತೆಯ ಪಕ್ಕ ಕುಳಿತಳು. ಹಾಡು ಮುಗಿದ ಮೇಲೆ ಪಾದ್ರಿಗಳು ಗಿಣಿಯ ಕಡೆ ತಲೆದೂಗಿ, ತಮ್ಮ ಕುರ್ಚಿಯಲ್ಲಿ ಕೈಕಟ್ಟಿ ಆರಾಮವಾಗಿ ಕುಳಿತರು. ಗಿಣಿ ಓದುವ ಪೀಠದ ಹಿಂದೆ ನಿಂತಳು. ಮೊದಲ ವಚನಕ್ಕೆ ಎರಡು ಕಡೆ ತಡೆಯಿತು, ದಾಟಿದಳು. ಎರಡು, ಮೂರು. ನಾಲ್ಕರಲ್ಲಿ ಒಂದು 'ಪ' ಬಹಳ ಕಾಡಿತು. ಅವಳು ಹೆದರಲಿಲ್ಲ, ನಿಂತಳು, ಉಸಿರು ಬಿಟ್ಟಳು, ಹೇಳಿದಳು. ಐದನೆಯದು ಸಲೀಸಾಗಿ ಹೋಯಿತು. ಡ್ರೈವರ್ ಬೆಂಚಿನ ಅಂಚಿಗೆ ಬಂದು ಕೂತಿದ್ದ, ನಿದ್ದೆ ಎಲ್ಲೋ ಹಾರಿಹೋಗಿತ್ತು.

"ಕ್..." ಎಂದು ಆರನೆಯದು ಶುರುವಾಯಿತು, ನಿಂತಿತು.

ಯಾರೋ ಕೆಮ್ಮಿದರು. ಹಿಂದಿನ ಸಾಲಿನಲ್ಲಿ ಒಂದು ಕೂಸು ಕುಂಯ್ ಎಂದಿತು. ಗಿಣಿಯ ಕುತ್ತಿಗೆಯ ನರ ಎದ್ದಿತು, ಕಣ್ಣು ಮುಚ್ಚಿತು. ಹಿಂದೆ ಎಲ್ಲೋ ಇಬ್ಬರು ಹುಡುಗಿಯರು ಕಿಸಕ್ ಎಂದರು. ಟೈಲರಮ್ಮ ಹಲ್ಲು ಕಚ್ಚಿದಳು. ಸೆರಗು ಬಾಯಿಗೆ ತುರುಕಿಕೊಂಡಳು. ಪಕ್ಕದಲ್ಲಿ ಅತ್ತೆ, "ಅಯ್ಯೋ ಕಂದ, ಅಯ್ಯೋ ಕಂದ" ಎಂದು ಪಿಸುಗುಟ್ಟತೊಡಗಿದಳು. ಸಮಿತಿಯ ಹಿರಿಯರೊಬ್ಬರು ಗಡಿಯಾರ ನೋಡಿಕೊಂಡರು. ಪಾದ್ರಿಗಳು ಮಾತ್ರ ಕೈಕಟ್ಟಿ ಕೂತೇ ಇದ್ದರು. ಇಷ್ಟು ಜನ ನನ್ನ ಮಗುವನ್ನು ನೋಡುತ್ತಿದ್ದಾರೆ, ಇಷ್ಟು ಜನ! ಸೆರಗು ಬಾಯಿಂದ ಯಾವಾಗ ಜಾರಿತೋ.

"ಕರ್ತನು" ಎಂದಳು ಟೈಲರಮ್ಮ.

ಗಟ್ಟಿಯಾಗಿಯೇ ಎಂದಳು, ಸ್ಪಷ್ಟವಾಗಿ. ಎಂದವಳು ನಿಲ್ಲಲಿಲ್ಲ. ಬಾಯಿಪಾಠವಾಗಿದ್ದ ವಚನ ತಾನಾಗಿ ಹರಿದು ಕೊನೆಯ ಮಾತಿನವರೆಗೆ ಹೋಯಿತು. ಸಭೆಯೆಲ್ಲ ಒಂದೇ ಉಸಿರು ಬಿಟ್ಟು "ಆಮೆನ್" ಎಂದಿತು. ಆ ಆಮೆನ್‌ನಲ್ಲಿ ಎಂಥ ನೆಮ್ಮದಿ ಇತ್ತೆಂದರೆ, ಎಲ್ಲರ ಬೆನ್ನ ಮೇಲಿನ ಮೂಟೆ ಇಳಿಸಿದ ಹಾಗಿತ್ತು. ಗಿಣಿ ಆಗಷ್ಟೇ ಕಣ್ಣು ತೆರೆದಿದ್ದಳು. ನರ ಇಳಿದಿತ್ತು. ಬಾಯಿ ತೆರೆದೇ ಇತ್ತು. ಅವಳು ಅದನ್ನು ಮುಚ್ಚಿ, ಪುಸ್ತಕ ಮುಚ್ಚಿ, ಕೆಳಗಿಳಿದು ಬಂದಳು.

ಹೊರಗೆ ಹೆಂಗಸರು ಟೈಲರಮ್ಮನನ್ನು ಸುತ್ತುವರಿದರು. "ತಾಯಿ ಅಂದ್ರೆ ಹೀಗಿರಬೇಕಮ್ಮ" ಎಂದಳು ಒಬ್ಬಳು. ಇನ್ನೊಬ್ಬಳು ಕಣ್ಣೊರೆಸಿಕೊಂಡಳು. ಹಿರಿಯರು ಉಪದೇಶಿಯ ಕೈ ಕುಲುಕಿದರು. ಇಂಥ ವಾಕ್ಯ ಬಲ್ಲ ಕುಟುಂಬ ಸಭೆಗೇ ಮಾದರಿ ಎಂದರು. ಮನೆಗೆ ಬಂದು ಊಟಕ್ಕೆ ಕೂತಾಗಲೂ ಅವನಿಗೆ ಅದೇ ಮಾತು.

"ಅತ್ತಿಗೆ ಬಾಯಲ್ಲಿ ಆತ್ಮನೇ ಮಾತಾಡಿದ್ದು ಅಮ್ಮ. ನಾನು ಕಣ್ಣಾರೆ ಕಂಡೆ."

"ನೀನು ಯಾಕೆ ಬಾಯಿ ಹಾಕಿದೆ?" ಎಂದ ಡ್ರೈವರ್ ಹೆಂಡತಿಗೆ. ಇಪ್ಪತ್ತು ವರ್ಷದಲ್ಲಿ ಅವನು ಕೇಳಿದ ನೇರ ಪ್ರಶ್ನೆ ಅದೊಂದೇ ಇರಬೇಕು.

"ನಿಮಗೇನು ಗೊತ್ತು ನನ್ನ ಹೊಟ್ಟೆ ಸಂಕಟ? ಇಷ್ಟು ದಿನ ಬಾಯಿಗೆ ಬೀಗ ಹಾಕ್ಕೊಂಡಿದ್ದೋರು ಇವತ್ತು ತೆಗೆದ್ರಾ?"

ಗಿಣಿ ತಟ್ಟೆಯಲ್ಲಿದ್ದುದನ್ನೆಲ್ಲ ಉಂಡಳು. ಎದ್ದು ನಲ್ಲಿಯ ಹತ್ತಿರ ಹೋದಳು. ಟೈಲರಮ್ಮ ಹಿಂದೆಯೇ ಹೋದಳು.

"ಬಂದಿತ್ತಮ್ಮ" ಎಂದಳು ಗಿಣಿ, ನೀರು ಬಿಡುತ್ತ. "ನಾಲಿಗೆ ತುದಿಗೇ ಬಂದಿತ್ತು."

ಒಂದು ಅಕ್ಷರವೂ ತಡೆಯಲಿಲ್ಲ.

"ಗೊತ್ತಾಗ್ಲಿಲ್ಲ ಕಣೇ. ಆ ಹುಡುಗೀರು ನಗ್ತಿದ್ರು..."

"ಅವರು ನಗೋದು ನನಗೆ ಹೊಸದಾ? ಅವರು ನಗಲಿ ಅಂತ ಬಿಟ್ಟೇ ನಿಂತಿದ್ದೆ. ನೀನು ಕಾಯ್ತೀಯ ಅಂತ ನಂಬಿ ನಿಂತಿದ್ದೆ."

ಟೈಲರಮ್ಮ ಕೈ ಚಾಚಿದಳು. ತಟ್ಟೆ ಕೊಡು, ನಾನು ತೊಳೀತೀನಿ ಎಂದಳು. ಗಿಣಿ ಕೊಟ್ಟಳು.

ಅಂದು ಸಂಜೆ ಏಳಕ್ಕೆ ಗಿಣಿ ಕರೆಯುವ ಮೊದಲೇ ಬಂದು ಕುಳಿತಳು. ಉಪದೇಶಿಗೆ ಆಗಲೇ ಹೊಟ್ಟೆ ತುಂಬಿತ್ತು, ಹಳೆಯ ಪದ್ಧತಿಗೇ ಬಿಟ್ಟುಬಿಟ್ಟ. ತಲೆಗೊಂದು ವಚನ. ಗಿಣಿ ತನ್ನ ಸರದಿ ಬಂದಾಗ ಮೊದಲ ಮಾತು ಓದಿ ನಿಲ್ಲಿಸಿದಳು. ಪುಸ್ತಕವನ್ನು ತಾಯಿಯ ಕಡೆಗೆ ಸರಿಸಿದಳು. ಮುಖದಲ್ಲಿ ಒದ್ದಾಟವಿಲ್ಲ, ನರವಿಲ್ಲ, ಕಣ್ಣು ತೆರೆದೇ ಇದೆ. ಟೈಲರಮ್ಮ ಕಾದಳು. ಈಗ ಕಾದಳು. ಗೋಡೆ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು.

"ಮಗು ಕಷ್ಟಪಡ್ತಿದೆ, ನೋಡ್ತಾ ಕೂತಿದೀಯಲ್ಲೇ! ಹೇಳೇ ನೀನು" ಎಂದಳು ಅಜ್ಜಿ.

ಟೈಲರಮ್ಮ ಉಳಿದದ್ದನ್ನು ಓದಿದಳು. ಮರುದಿನವೂ ಓದಿದಳು. ಅದರ ಮರುದಿನವೂ. ಇನ್ನು ಮೇಲೆ ತಾಯಿ ಮಗಳದು ಒಂದೇ ಸರದಿ ಎಂದು ಅಜ್ಜಿಯೇ ತೀರ್ಮಾನ ಮಾಡಿದಳು. ಎಲ್ಲರಿಗೂ ಊಟ ಬಿಸಿಬಿಸಿಯಾಗಿ ಸಿಗತೊಡಗಿತು. ಮಳೆಗಾಲ ಕಳೆಯುವಷ್ಟರಲ್ಲಿ ಉಪದೇಶಿಗೆ ಸಮಿತಿಯ ಒಪ್ಪಿಗೆಯೂ ಸಿಕ್ಕಿತು. ಬೇರೆ ಸಭೆಗೆ ಹೊರಡುವ ದಿನ ಟೈಲರಮ್ಮ ಅವನ ಬಿಳಿ ಅಂಗಿಗೆ ಗುಂಡಿ ಹಾಕಿಕೊಟ್ಟಳು.

ವಚನಕ್ಕೆ ಮಾತ್ರ ಆಗಿದ್ದರೆ ತಡೆದುಕೊಳ್ಳಬಹುದಿತ್ತು. ಗಿಣಿ ಈಗ ಮನೆಯಲ್ಲಿ ಎಲ್ಲ ಮಾತನ್ನೂ ಹಾಗೆಯೇ ಆಡುತ್ತಿದ್ದಳು. "ಅಮ್ಮ, ನಾಳೆ..." ಎಂದು ನಿಲ್ಲಿಸುವಳು. "ನಾಳೆ ಬೇಗ ಹೋಗ್ಬೇಕಾ?" ಎಂದರೆ ಹೂಂ ಎಂದು ತಲೆ ಆಡಿಸುವಳು. ಟೈಲರಮ್ಮ ಕತ್ತಲಿರುವಾಗಲೇ ಎದ್ದು ಡಬ್ಬಿ ಕಟ್ಟುವಳು. ಗಿಣಿ ಎಂದಿನ ಹೊತ್ತಿಗೇ ಹೊರಡುವಳು. "ನನಗೆ..." ಎನ್ನುವಳು. "ಹಸಿವಾ?" ತಲೆ ಆಡಿಸುವಳು. "ತಲೆನೋವಾ?" ಅದಕ್ಕೂ ತಲೆ ಆಡಿಸುವಳು. ಏನು ತುಂಬಿಸಿದರೂ ಅವಳಿಗೆ ಒಪ್ಪಿಗೆ. ಗಿರಣಿಯ ಮುಂದೆ ಹಾದುಹೋಗುವಾಗ ಮಾತ್ರ ಅವಳ ದನಿ ಬೀದಿಗೆ ಕೇಳುತ್ತಿತ್ತು. ಟೈಲರಮ್ಮ ಮೊದಮೊದಲು ನಿಂತು ಕೇಳುತ್ತಿದ್ದಳು, ಆಮೇಲೆ ಬೇರೆ ಬೀದಿಯಿಂದ ಹೋಗತೊಡಗಿದಳು.

ಒಂದು ಮಧ್ಯಾಹ್ನ ಮನೆಯಲ್ಲಿ ಇಬ್ಬರೇ ಇದ್ದರು. ಅಜ್ಜಿ ಮಲಗಿದ್ದಳು. ಗಿಣಿ ಊಟಕ್ಕೆ ಬಂದು ಉಣ್ಣುತ್ತಿದ್ದಳು. ಟೈಲರಮ್ಮ ಬಡಿಸುವ ಸೌಟನ್ನು ಪಾತ್ರೆಯಲ್ಲಿಟ್ಟು ಎದುರಿಗೆ ಕುಳಿತಳು.

"ನನ್ನ ಮೇಲೆ ಇನ್ನೂ ಕೋಪ ಇದೆಯೇನೇ? ಇದ್ರೆ ಬೈದುಬಿಡು. ಬಾಯಿ ತುಂಬ ಬೈದುಬಿಡು, ನಾನು ಕಮಕ್ ಕಿಮಕ್ ಅನ್ನಲ್ಲ."

ಗಿಣಿ ತುತ್ತು ನುಂಗಿ ತಾಯಿಯನ್ನು ನೋಡಿದಳು.

"ನಿನ್ನ ಮೇಲೆ ನನಗೆ..." ಎಂದಳು. ನಿಲ್ಲಿಸಿದಳು.

ಟೈಲರಮ್ಮ ಕಾದಳು. ಈ ಸಲ ನಿಜವಾಗಿ ಕಾಯಬೇಕೆಂದುಕೊಂಡಳು. ಅನ್ನದ ಹಬೆ ಆರಿತು. ಒಳಗೆ ಅತ್ತೆ ಮಗ್ಗುಲು ಬದಲಿಸಿದಳು. ಬೀದಿಯಲ್ಲಿ ಯಾರೋ ಸೈಕಲ್ ಗಂಟೆ ಹೊಡೆದುಕೊಂಡು ಹೋದರು. ಗಿಣಿ ನೋಡುತ್ತಲೇ ಇದ್ದಳು, ತಡೆದು ನಿಂತಿದ್ದಾಳೋ ಬೇಕೆಂದೇ ನಿಲ್ಲಿಸಿದ್ದಾಳೋ ಆ ಮುಖದಲ್ಲಿ ತಿಳಿಯುವ ಹಾಗಿರಲಿಲ್ಲ. ಟೈಲರಮ್ಮನಿಂದ ಆಗಲಿಲ್ಲ.

"ಕೋಪ ಏನೂ ಇಲ್ಲ" ಎಂದಳು, ಮಗಳ ಮಾತನ್ನು ಮುಗಿಸಿ.

ಗಿಣಿ ಎಲ್ಲದಕ್ಕೂ ಆಡಿಸುವ ಹಾಗೆ ಅದಕ್ಕೂ ತಲೆ ಆಡಿಸಿದಳು. ಎದ್ದು ಕೈ ತೊಳೆದುಕೊಂಡು ಗಿರಣಿಗೆ ಹೋದಳು.